ಮಾವನ ಜಾಲರಿ ಶಾಸ್ತ್ರ

ನಮ್ಮ ಸೋದರಮಾವನಿಗೆ ಕೈ ಕೊಟ್ಟಿರೋ, ನಿಮ್ಮ ವಯಸ್ಸು ಬಯಲಾಯಿತೆಂದೇ ತಿಳಿಯಿರಿ! ಹಸ್ತದ ಹಿಂಬದಿಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟು, ಅದು ಮತ್ತೆ ಸಮವಾಗುವವರೆಗೆ ಬಾಯಲ್ಲೇ ಎಣಿಸುತ್ತಾರೆ. ಬನಶಂಕರಿಯ ಛತ್ರವೊಂದರಲ್ಲಿ, ಕೂದಲಿಗೆ ಕಪ್ಪು ಬಳಿದುಕೊಂಡಿದ್ದ ವರನ ದೊಡ್ಡಪ್ಪನಿಗೆ ಹೀಗೆ ಮಾಡಿ, “ಐವತ್ತೈದು ಅಂದ್ರಲ್ಲ ಸಾರ್, ಚರ್ಮ ಅರವತ್ತೆಂಟು ಅಂತಿದೆ” ಎಂದುಬಿಟ್ಟರು. ಪುಣ್ಯಕ್ಕೆ ಅಷ್ಟು ಹೊತ್ತಿಗೆ ತಾಳಿ ಕಟ್ಟಿ ಆಗಿತ್ತು.

ಮಾವ ವಿಜ್ಞಾನಿ. ಮೂವತ್ತು ವರ್ಷಗಳಿಂದ ಲ್ಯಾಬಿನಲ್ಲಿ ಅವರ ಕೆಲಸ ಜೀವಕೋಶಗಳ ಮೇಲಲ್ಲ, ಅವುಗಳ ನಡುವಿನ ಜಾಲರಿಯ ಮೇಲೆ. ನಮ್ಮ ಮೈಯೊಳಗೆ ಎಳೆ ಎಳೆಯಾಗಿ ಹೆಣೆದ ನವಾರ ಮಂಚವೊಂದಿದೆಯಂತೆ. ಜೀವಕೋಶಗಳು ಅದರ ಮೇಲೆ ಮಲಗಿರುತ್ತವಂತೆ. ವಯಸ್ಸಾಗುತ್ತ ಎಳೆಗಳಿಗೆ ಸಕ್ಕರೆ ಅಂಟಿ, ಒಂದಕ್ಕೊಂದು ಗಂಟು ಬಿದ್ದು ಮಂಚ ಬಿರುಸಾಗುತ್ತದೆ. ಬಿರುಸಾದ ಮಂಚದ ಮೇಲೆ ಮಲಗಿದವರ ಬುದ್ಧಿಯೂ ಕೆಡುತ್ತದೆ. ಇದನ್ನೆಲ್ಲ ಅವರು ವಿವರಿಸುವುದು ಎಲ್ಲಿ? ಊಟದ ಪಂಕ್ತಿಯಲ್ಲಿ, ಪಕ್ಕದವರ ಎಲೆಗೆ ಜಹಾಂಗೀರು ಬೀಳುವ ಹೊತ್ತಿಗೆ! ಪಕ್ಕದವರು ಗಾಬರಿಯಾಗಿ ಬೇಡವೆಂದರೆ, ಬಡಿಸುವವನನ್ನು ಮಾವ ತಮ್ಮ ಎಲೆಯತ್ತ ಕರೆಯುತ್ತಾರೆ.

ನನಗೆ ನಲವತ್ತು ತುಂಬಿದ ದಿನ ಫೋನು ಮಾಡಿ, ನಿನ್ನ ಜಾಲರಿ ಬಿಗಿಯಲು ಶುರುವಾಗಿ ಎಷ್ಟೋ ವರ್ಷವಾಯಿತು ಎಂದು ಹಾರೈಸಿದರು. ಮದ್ದಿಲ್ಲವೇ ಎಂದು ಕೇಳಿದೆ. ಇದ್ದಿದ್ದರೆ ನಾನು ಹೀಗಿರುತ್ತಿದ್ದೆನೇ ಎಂದರು. ಆ ವಾರವೆಲ್ಲ ನನಗೆ ಕೇಕು ರುಚಿಸಲಿಲ್ಲ.

ಮದುವೆಯಾಗದ ಮಾವ ಚಿಕ್ಕಲಸಂದ್ರದಲ್ಲಿ ಅಜ್ಜಿಯ ಜೊತೆ ಇದ್ದಾರೆ. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜೆ ಮಾಡದೆ ಅಜ್ಜಿಯ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಮಾವನೋ ಕಾಲೇಜಿನಲ್ಲೇ ಲಿಂಗ ತೆಗೆದಿಟ್ಟವರು. ಹೋದ ವರ್ಷ ಅಂಗೈಯೊಳಗಿನ ಜಾಲರಿ ಬಿಗಿದು ಅಜ್ಜಿಯ ಎಡಗೈ ಬೆರಳುಗಳು ಒಳಕ್ಕೆ ಮಡಚಿಕೊಳ್ಳತೊಡಗಿದವು. ಈ ವಯಸ್ಸಿಗೆ ಆಪರೇಷನ್ ಬೇಡ ಎಂದರು ಡಾಕ್ಟರು. ಒಂದು ಬೆಳಗ್ಗೆ ಲಿಂಗ ಅಂಗೈಯಿಂದ ಜಾರಿ ನೆಲಕ್ಕೆ ಬಿತ್ತು. ಅಜ್ಜಿ ಆವತ್ತು ಊಟ ಬಿಟ್ಟಳು, ಮಾರನೆಯ ದಿನವೂ ಬಿಟ್ಟಳು. ತಟ್ಟೆಯಲ್ಲಿಟ್ಟು ಪೂಜೆ ಮಾಡು ಎಂದರೆ, ಅಂಗೈಯೇ ಪೀಠ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ನನಗೆ ಸಿಟ್ಟು ಬಂತು. “ಮೂವತ್ತು ವರ್ಷ ಜಾಲರಿ ಓದಿದ್ರಲ್ಲ ಮಾವ, ಅಜ್ಜಿ ಕೈ ಬಿಡಿಸೋಕೆ ಆಗಲ್ವಾ?” ಎಂದು ಫೋನಿನಲ್ಲೇ ಹಂಗಿಸಿದೆ. ಮಾವ ಫೋನಿಟ್ಟುಬಿಟ್ಟರು.

ಸ್ವಲ್ಪ ದಿನದಲ್ಲೇ ಅಜ್ಜಿ ಊಟ ಮಾಡುತ್ತಿದ್ದಾಳೆಂಬ ಸುದ್ದಿ ಬಂತು. ಜೊತೆಗೇ ಮಾವ ಹಣೆ ತುಂಬ ವಿಭೂತಿ ಬಳಿದುಕೊಂಡು ಲ್ಯಾಬಿಗೆ ಹೋಗುತ್ತಿದ್ದಾರೆಂಬ ಸುದ್ದಿಯೂ ಬಂತು! ಪ್ರಯೋಗ ಕೆಟ್ಟು ದೇವರ ಮೊರೆ ಹೊಕ್ಕಿದ್ದಾರೆಂದು ಅವರ ವಿದ್ಯಾರ್ಥಿಗಳು ಮರುಗಿದರಂತೆ. ನಾನೂ ಹಾಗೇ ತಿಳಿದು ಒಂದು ಬೆಳಗ್ಗೆ ಹೋದೆ.

ಸ್ನಾನ ಮಾಡಿ ವಿಭೂತಿ ಹಚ್ಚಿದವರು ಮಾತ್ರ ಪೂಜೆಯಲ್ಲಿ ತನ್ನ ಕೈ ಮುಟ್ಟಬೇಕೆಂಬುದು ಅಜ್ಜಿಯ ಷರತ್ತು. ಮಾವ ಅವಳ ಎದುರು ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಬಿಸಿನೀರಿನಲ್ಲಿ ಅದ್ದಿದ್ದ ಅವಳ ಎಡಗೈಯನ್ನು ಒರೆಸಿ, ಒಂದೊಂದೇ ಬೆರಳನ್ನು ನೀವಿ ಬಿಡಿಸಿ, ಕೆಳಗೆ ತಮ್ಮ ಅಂಗೈ ಕೊಟ್ಟು ಹಿಡಿದರು. ಅಜ್ಜಿ ಲಿಂಗವಿಟ್ಟು ಪತ್ರೆ ಏರಿಸಿ ಕಣ್ಣು ಮುಚ್ಚಿದಳು. ಪೂಜೆ ಮುಗಿಯುವವರೆಗೂ ಮಾವನ ಅಂಗೈ ಅಲುಗಲಿಲ್ಲ. ಹಂಗಿಸಿದ್ದಕ್ಕೆ ನನಗೆ ನಾಚಿಕೆಯಾಯಿತು.

ಪೂಜೆ ಮುಗಿದ ಮೇಲೆ ಹೊರಗೆ ಬಂದು, ಕೈ ಸರಿಹೋಗುತ್ತಿದೆಯೇ ಎಂದು ಮೆಲ್ಲಗೆ ಕೇಳಿದೆ.

“ಇಲ್ಲ ಕಣೋ. ಅದು ಹಿಂದಕ್ಕೆ ಬರಲ್ಲ, ಇನ್ನೂ ಬಿಗೀತಾನೇ ಹೋಗತ್ತೆ” ಎಂದು ಮಾವ ತೋಳು ಒತ್ತಿಕೊಂಡರು. “ಅವಳಿಗೆ ಬೇಕಾಗಿರೋದು ದಿನಕ್ಕೆ ಹತ್ತು ನಿಮಿಷ. ಅಷ್ಟು ಹೊತ್ತು ನಾನು ಹಿಡ್ಕೋತೀನಿ.”