ನಮ್ಮ ಓಣಿಯ ಸ್ಪೀಡ್ ಬ್ರೇಕರ್ ಅವರ ಬೆನ್ನಿಗೊಂದು ಮನವಿ

ಗೆ,
ಮಾನ್ಯ ಸ್ಪೀಡ್ ಬ್ರೇಕರ್ ಅವರು,
ಓಣಿಯ ಬಾಯಿ, ಶಹಾಪುರ ರಸ್ತೆ, ಸುರಪುರ.

ಇಂದ,
ಸಬಾ, ಬಿ.ಎಸ್ಸಿ. ಮೊದಲ ವರ್ಷ,
ಹೆಣ್ಣುಮಕ್ಕಳ ಹಾಸ್ಟೆಲ್, ರೂಮ್ ನಂಬರ್ ಒಂಬತ್ತು, ಯಾದಗಿರಿ.

ವಿಷಯ: ಮಾಡಿಫೈ ಮಾಡಿದ ಕಾರು, ಸ್ಪೋರ್ಟ್ಸ್ ಬೈಕು ಇವೆರಡರಲ್ಲಿ ಒಂದನ್ನು ಆರಿಸಲು ತಾವು ಅಡ್ಡ ಮಲಗಿರುವ ಕುರಿತು.

ಮಾನ್ಯರೇ,

ಮೊದಲಿಗೆ ಕ್ಷಮೆ ಇರಲಿ. ತಮ್ಮಂಥ ಹಿರಿಯರಿಗೆ ಪತ್ರ ಬರೆಯುವ ವಯಸ್ಸು ನನ್ನದಲ್ಲ, ಭಾಷೆಯೂ ಪೂರ್ತಿ ನನ್ನದಲ್ಲ. ಆರನೆಯ ಇಯತ್ತೆಯಿಂದ ಇಂಗ್ಲಿಷ್ ಮೀಡಿಯಂ ಹಾಸ್ಟೆಲಿನಲ್ಲೇ ಬೆಳೆದವಳಾದ್ದರಿಂದ ಮನೆಯಲ್ಲಿ ದಖ್ಖನಿ, ಓಣಿಯಲ್ಲಿ ಕನ್ನಡ, ಟೆನ್ಷನ್ ಆದಾಗ ಇಂಗ್ಲಿಷ್ ಬರುತ್ತದೆ, ಮತ್ತು ನನಗೆ ಬೆಳಗಾದರೆ ಟೆನ್ಷನ್. ಈ ಪತ್ರವನ್ನೇ ಮೂರು ಸಲ ಹರಿದುಹಾಕಿ ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ಹಿರಿಯರಿಗೆ ಬರೆಯುವಾಗ ಪಾದಗಳಿಗೆ ನಮಸ್ಕರಿಸಿ ಆರಂಭಿಸಬೇಕೆಂದು ಕನ್ನಡ ಮೇಡಂ ಹೇಳಿಕೊಟ್ಟಿದ್ದಾರೆ. ತಮಗೆ ಪಾದಗಳಿರುವುದು ಎಲ್ಲಿಯೂ ಕಾಣಿಸದ ಕಾರಣ, ಇಡೀ ತಾಲ್ಲೂಕಿನಲ್ಲಿ ಸಾಟಿಯಿಲ್ಲದ ತಮ್ಮ ಬೆನ್ನಿಗೇ ನನ್ನ ಸಲಾಮು, ನಮಸ್ಕಾರ ಎರಡನ್ನೂ ಒಪ್ಪಿಸುತ್ತೇನೆ.

ತಮ್ಮ ಘನತೆ ನನಗೆ ತಿಳಿಯದ್ದೇನಲ್ಲ. ಆರು ವರ್ಷದ ಹಿಂದೆ ಶಹಾಪುರ ಕಡೆಯಿಂದ ಬಂದ ಜೀಪೊಂದು ಜೋರಾಗಿ ಓಣಿಗೆ ತಿರುಗಿ, ನಮ್ಮ ಎದುರು ಮನೆಯ ರೇಣಮ್ಮ ಕಾಕು ಸಾಕಿದ್ದ ಆಡಿಗೆ ಬಡಿಯಿತು. ಆಡಿಗೆ ಏನೂ ಆಗಲಿಲ್ಲ, ಜೀಪಿನ ಲೈಟು ಒಡೆಯಿತು. ಆದರೂ ಅದೇ ಸಂಜೆ ಕಾಕು ಅವರ ಯಜಮಾನರಾದ ಮಲ್ಕಪ್ಪ ಕಾಕಾ ನಾಲ್ಕು ಬುಟ್ಟಿ ಗರಸು ಮಣ್ಣು ಸುರಿದು, ಯಾವ ಇಲಾಖೆಗೂ ಅರ್ಜಿ ಕೊಡದೆ, ಯಾವ ಎಂಜಿನಿಯರನ್ನೂ ಕೇಳದೆ ತಮ್ಮನ್ನು ಈ ಲೋಕಕ್ಕೆ ತಂದರು. ಅಂದಿನಿಂದ ನಮ್ಮ ಓಣಿಯಲ್ಲೊಂದು ರಿವಾಜು. ಯಾರ ಮನೆಯ ಸ್ಲ್ಯಾಬು ಹಾಕಿದರೂ ಉಳಿದ ಕಾಂಕ್ರೀಟನ್ನು ಚೆಲ್ಲುವಂತಿಲ್ಲ. ಬುಟ್ಟಿಯಲ್ಲಿ ಹೊತ್ತು ತಂದು ತಮ್ಮ ಬೆನ್ನಿಗೆ ಬಡಿಯಬೇಕು. ಉಮೆಸಲ್ಮಾ ಎಂಬ ನನ್ನ ಗೆಳತಿಯ ಮನೆಯಿಂದ ಮೂರು ಬುಟ್ಟಿ ಬಂದವು. ನಮ್ಮ ಮನೆಯ ಮಹಡಿಯಿಂದ ಏಳು. ಅದನ್ನು ನನ್ನ ಅಮ್ಮಿ ಗೌಹರಬೇಗಂ ಇಂದಿಗೂ ಯಾರು ಬಂದರೂ ಹೇಳುತ್ತಾರೆ, ನನ್ನ ಪಿಯುಸಿ ಮಾರ್ಕ್ಸಿಗಿಂತ ಮೊದಲು ಹೇಳುತ್ತಾರೆ. ಹೀಗೆ ಓಣಿಯ ಮನೆಗಳು ಏರಿದಂತೆ ತಾವೂ ಏರಿದಿರಿ. ಈಗ ಫೋನಿಗೆ ನೆಟ್‌ವರ್ಕ್ ಸಿಗದವರು ಬಂದು ತಮ್ಮ ಮೇಲೆ ನಿಂತು ಮಾತಾಡುತ್ತಾರೆ. ಸಿಗುತ್ತದೆ ಕೂಡ.

ಇನ್ನು ನನ್ನ ಅಹವಾಲು. ಈ ಓಣಿಯಿಂದ ಯಾದಗಿರಿಯ ಕಾಲೇಜಿಗೆ ಹೋದವರು ನಾವು ಮೂವರು: ನಾನು, ಉಮೆಸಲ್ಮಾ, ರೇಣಮ್ಮ ಕಾಕು ಅವರ ಮಗಳು ಸರೋಜಾ. ಮೂರೂ ಮನೆಯವರು ಸೇರಿ ಹಾಕಿದ ಷರತ್ತು ಒಂದೇ, ಶನಿವಾರ ಸೂರ್ಯ ಮುಳುಗಿ ಮಗ್ರಿಬ್ ಬಾಂಗು ಆಗುವುದರೊಳಗೆ ಮೂವರೂ ಮನೆಯಲ್ಲಿರಬೇಕು. ಒಬ್ಬಳು ತಪ್ಪಿದರೆ ಮೂವರೂ ತಪ್ಪಿದಂತೆ, ಏಕೆಂದರೆ ಪ್ರತಿಯೊಬ್ಬಳನ್ನೂ ಕಳಿಸಿರುವುದು ಉಳಿದಿಬ್ಬರು ಹೋಗುತ್ತಾರೆ ಎಂಬ ಧೈರ್ಯದ ಮೇಲೆ. ಆದರೆ ಯಾದಗಿರಿಯಿಂದ ಶಹಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಸುರಪುರಕ್ಕೆ ಇನ್ನೊಂದು. ಮೊದಲನೆಯದು ನಿಲ್ದಾಣಕ್ಕೆ ಬರುವುದಕ್ಕೂ ಎರಡನೆಯದು ಹೊರಡುವುದಕ್ಕೂ ಎಷ್ಟು ಹೊಂದಾಣಿಕೆಯೆಂದರೆ, ಎರಡನೆಯದರ ಹಿಂಭಾಗವನ್ನು ನಾನು ಈ ಸೆಮಿಸ್ಟರಿನಲ್ಲಿ ಐದು ಸಲ ನೋಡಿದ್ದೇನೆ. ಐದನೆಯ ಸಲ ಮನೆ ತಲುಪಿದಾಗ ಅಮ್ಮಿ ಬೈಯಲಿಲ್ಲ. "ಇನ್ನೊಂದು ತಿಂಗಳು ನೋಡ್ತೀನಿ, ಆಮ್ಯಾಲ ಗಂಟು ಮೂಟಿ ಕಟ್ಕೊಂಡು ಬಂದುಬಿಡು" ಎಂದು ನನಗೆ ಊಟಕ್ಕೆ ಬಡಿಸಿದರು. ಬೈದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಆ ತಿಂಗಳು ಈ ಶನಿವಾರ ಬಿಟ್ಟು ಮುಂದಿನ ಶನಿವಾರಕ್ಕೆ ಮುಗಿಯುತ್ತದೆ.

ಈ ಸಂಗತಿ ಶಹಾಪುರದಲ್ಲಿ ಗ್ಯಾರೇಜು ನಡೆಸುವ ನನ್ನ ಮಾಮು ಬಾಷುಮಿಯಾ ಅವರ ಕಿವಿಗೆ ಬಿತ್ತು. ಚಿಕ್ಕಂದಿನ ರಜೆಗಳನ್ನೆಲ್ಲ ನಾನು ಆ ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತ ಕಳೆದವಳು. ಹದಿನೆಂಟು ತುಂಬಿದ ವಾರವೇ ಅರ್ಜಿ ಹಾಕಿ ಬೈಕು, ಕಾರು ಎರಡರ ಲೈಸೆನ್ಸನ್ನೂ ಪಡೆದವಳು. ಮಾಮು ಎರಡು ಗಾಡಿ ತೋರಿಸಿ, "ಬೇಟಿ, ಎರಡರಾಗ ಒಂದ್ ಹಿಡಿ. ಇನ್ನೊಂದಕ್ಕ ಗಿರಾಕಿ ಆಗ್ಲೇ ಬಂದು ಚಾ ಕುಡಿಯಾಕತ್ತಾನ" ಎಂದರು. ಒಂದು, ಶೋಕಿಲಾಲನೊಬ್ಬ ಮಾಡಿಫೈ ಮಾಡಿಸಿ ಬಿಟ್ಟುಹೋದ ಹಳೆಯ ಕಾರು: ಗಿಳಿಹಸಿರು ಬಣ್ಣ, ಅಗಲ ಟೈರು, ಬೆನ್ನಿಗೊಂದು ರೆಕ್ಕೆ, ಸ್ಪ್ರಿಂಗು ಕತ್ತರಿಸಿ ನೆಲಕ್ಕೆ ಇಳಿಸಿದ ಹೊಟ್ಟೆ. ಓಡಿದರೆ ಬಾಣ, ನಿಂತರೆ ಚಾಪೆ. ಕತ್ತರಿಸಿದ ಸ್ಪ್ರಿಂಗಿಗೆ ಬದಲಿಯನ್ನು ಹೈದರಾಬಾದಿನಿಂದ ತರಿಸುತ್ತೇನೆಂದು ಮಾಮು ಹೇಳತೊಡಗಿ ಇದು ಎರಡನೆಯ ರಂಜಾನು. ಇನ್ನೊಂದು, ಕಪ್ಪು ಸ್ಪೋರ್ಟ್ಸ್ ಬೈಕು. ಅದರ ಬಗ್ಗೆ ನಾನು ಬರೆಯತೊಡಗಿದರೆ ಈ ಪತ್ರ ಮುಗಿಯುವುದಿಲ್ಲ. ಅದನ್ನು ಒಮ್ಮೆ ಶಹಾಪುರದ ಬೈಪಾಸಿಗೆ ಒಯ್ದಿದ್ದೆ. ಅಲ್ಲಿ ಗುಡ್ಡದ ಸಾಲೇ ಆಗಿ ಮಲಗಿರುವ ಬುದ್ಧ ಸಪ್ಪಳಕ್ಕೆ ಎದ್ದು ಕುಳಿತನೇನೋ ಎಂದು ತಿರುಗಿ ನೋಡಿದೆ. ಇಡೀ ಹತ್ತು ನಿಮಿಷ ನನಗೆ ಯಾವುದರದೂ ಟೆನ್ಷನ್ ಇರಲಿಲ್ಲ. ಅಂಥದು ನನ್ನ ಜನ್ಮದಲ್ಲಿ ಅದೊಂದೇ.

ಇಷ್ಟರಲ್ಲಿ ತಮ್ಮ ಪಾತ್ರವೇನು ಎಂದು ತಾವು ಕೇಳಬಹುದು. ನಮ್ಮ ಮನೆಯಲ್ಲಿ ಗಾಡಿಯನ್ನು ಆರಿಸುವುದು ಮೈಲೇಜು ನೋಡಿ ಅಲ್ಲ. ಮೊದಲ ಸವಾರಿ ಮನೆಯ ಹಿರಿಯ ಹೆಂಗಸಿನದು. ಆಕೆ ಫಾತೆಹಾ ಪ್ರಾರ್ಥನೆ ಓದಿಸಿದ ಸಕ್ಕರೆಯ ಡಬ್ಬಿ ಹಿಡಿದು ಕೂರಬೇಕು, ಗಾಡಿ ಓಣಿಯ ಬಾಯಿಂದ ಮನೆಯ ಬಾಗಿಲಿಗೆ ಬಂದು ನಿಲ್ಲಬೇಕು, ಆಮೇಲೆ ಅದು ನಮ್ಮದು. ಚಕ್ರದಡಿಗೆ ಲಿಂಬೆಹಣ್ಣು ಇಡುವ ಜವಾಬ್ದಾರಿಯನ್ನು ರೇಣಮ್ಮ ಕಾಕು ತಾವಾಗಿಯೇ ವಹಿಸಿಕೊಂಡಿದ್ದಾರೆ. ಹೋದ ಭಾನುವಾರ ಮಾಮು ಎರಡನ್ನೂ ತಂದು ರಸ್ತೆಯ ಮೇಲೆ ನಿಲ್ಲಿಸಿದರು. ನಡುವೆ ತಾವಿದ್ದಿರಿ.

ಮೊದಲು ಬೈಕು. ಹಿಂದಿನ ಸೀಟು ಎಷ್ಟು ಎತ್ತರವೆಂದರೆ ಅಮ್ಮಿ ಕಿರಾಣಿ ಅಂಗಡಿಯ ಕಟ್ಟೆ ಹತ್ತಿ ಅಲ್ಲಿಂದ ಅದಕ್ಕೆ ದಾಟಬೇಕಾಯಿತು. ಮುಂದೆ ಬಾಗಿ ಕುಳಿತ ನನ್ನನ್ನು ನೋಡಿ, "ಇದೇನವಾ, ಗದ್ದ್ಯಾಗ ಸಸಿ ಹಚ್ಚಾಕ ಬಗ್ಗಿದಂಗ ಬಗ್ಗೀದಿ? ನೆಟ್ಟಗ ಕೂಡು!" ಎಂದು ಬೆನ್ನಿಗೆ ಗುದ್ದಿದರು. ನೆಟ್ಟಗೆ ಕುಳಿತರೆ ಹ್ಯಾಂಡಲು ಸಿಗುವುದಿಲ್ಲ ಎಂದು ವಿವರಿಸುವಷ್ಟರಲ್ಲಿ ತಮ್ಮ ಸನ್ನಿಧಿ ಬಂತು. ಅಮ್ಮಿ ಮೇಲೆ ಹೋದರು, ಸಕ್ಕರೆಯೂ ಹೋಯಿತು. ಅಮ್ಮಿ ಸೀಟಿಗೆ ಮರಳಿದರು, ಸಕ್ಕರೆ ನನ್ನ ಅಂಗಿಯ ಕೊರಳೊಳಗೆ ಇಳಿಯಿತು. "ಗೌಹರಕ್ಕಾ, ಇಳಿ ಇಳಿ! ಇದು ಗಾಡಿ ಅಲ್ಲ, ಹೋರಿ ಅದ!" ಎಂದು ರೇಣಮ್ಮ ಕಾಕು ಕೂಗಿದರೆ, "ಇಳಿಯಾಕ ನೆಲ ಎಲ್ಲದ, ಅದ್ನ ಮೊದ್ಲ ಹೇಳು!" ಎಂದು ಅಮ್ಮಿ ಮೇಲಿನಿಂದ ಕೂಗಿದರು. ಆದರೂ ಬೈಕು ದಾಟಿತು. ಬಾಗಿಲಿಗೆ ಬಂದು ನಿಂತಿತು. ಇದನ್ನು ತಾವು ಗಮನಿಸಬೇಕು.

ಆಮೇಲೆ ಕಾರು. ಹಿಂದೆ ಅಮ್ಮಿ, ರೇಣಮ್ಮ ಕಾಕು, ಪುಸ್ತಕದ ಚೀಲದ ಸಮೇತ ಉಮೆಸಲ್ಮಾ. ಮುಂದೆ ಸರೋಜಾ, ನಾನು. ಮುಂದಿನ ಚಕ್ರ ತಮ್ಮನ್ನು ದಾಟಿದವು. ಹಿಂದಿನವು ದಾಟಲಿಲ್ಲ. ನಡುವಿನ ಹೊಟ್ಟೆ ತಮ್ಮ ಬೆನ್ನಿನ ಮೇಲೆ ಎಷ್ಟು ಪ್ರೀತಿಯಿಂದ ಕುಳಿತಿತೆಂದರೆ, ಮುಂದೂ ಇಲ್ಲ ಹಿಂದೂ ಇಲ್ಲ. ಅರ್ಧ ಕಾರು ಓಣಿಯಲ್ಲಿ, ಅರ್ಧ ಶಹಾಪುರ ರಸ್ತೆಯಲ್ಲಿ. ಹಿಂದೆ ಬಂದು ನಿಂತ ಬಸ್ಸಿನ ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಏನ್ರೀ ಅಕ್ಕೋರೆ, ಗಾಡಿ ತತ್ತಿ ಇಡಾಕತ್ತದೇನ್ರಿ?" ಎಂದು ಕೇಳಿದರು. ಶನಿವಾರ ಎಂದೂ ಹೊತ್ತಿಗೆ ಬಾರದ ಬಸ್ಸು ಅದೊಂದು ದಿನ ಹೊತ್ತಿಗೆ ಸರಿಯಾಗಿ ಬಂದಿತ್ತು. ಕೊನೆಗೆ ಎಲ್ಲರೂ ಇಳಿದರು. ಇಳಿದೊಡನೆ ಕಾರು ನಾಲ್ಕು ಬೆರಳು ಮೇಲೆದ್ದಿತು. ಅದು ಯಾರ ತೂಕದಿಂದ ಎಂಬ ಮಾತನ್ನು ಯಾರೂ ಎತ್ತಬಾರದೆಂದು ರೇಣಮ್ಮ ಕಾಕು ಮೊದಲೇ ತಾಕೀತು ಮಾಡಿದರು. "ಕೂಡಾಕ ಕರದೀರೋ, ದಬ್ಬಾಕ ಕರದೀರೋ?" ಎನ್ನುತ್ತಲೇ ದಬ್ಬಿದರು. ಖಾಲಿ ಕಾರು ದಾಟಿತು. ನಾನು ನೆಲಕ್ಕೆ ಮಲಗಿ ನೋಡಿದೆ, ಅದರ ಹೊಟ್ಟೆಗೂ ತಮ್ಮ ಬೆನ್ನಿಗೂ ನಡುವೆ ಉಳಿದದ್ದು ಒಂದೇ ಬೆರಳು.

ಸಂಜೆ ಮೂರೂ ಮನೆಯ ತಾಯಂದಿರು ನಮ್ಮ ಕಟ್ಟೆಯ ಮೇಲೆ ಕುಳಿತು ತೀರ್ಮಾನಿಸಿದರು. ಅಮ್ಮಿ ಅದನ್ನು ನನಗೆ ಹೇಳಿದ ಮಾತು ಹೀಗಿದೆ: "ವಾರಾವಾರ ನನ್ನ ಮಗಳು ಮಂದಿ ಮುಂದ ಗಾಡಿ ದಬ್ಬಿ ತಮಾಷಾ ಆಗ್ಲಿ ಅಂತ ನಾ ಕಾಲೇಜಿಗಿ ಕಳಿಸಿಲ್ಲ. ಕೂತವರು ಕೂತಂಗ ಮನೀ ಬಾಗಿಲಿಗಿ ಬಂದ್ರ ಕಾಲೇಜು. ಇಲ್ಲಂದ್ರ ಮೂರೂ ಮಂದಿ ಮನ್ಯಾಗ." ಸರೋಜಾ ನನ್ನ ಮುಖ ನೋಡಿದಳು. ಉಮೆಸಲ್ಮಾ ಚೀಲದ ಪಟ್ಟಿ ನೋಡುತ್ತ ಕುಳಿತಳು.

ಮಾನ್ಯರೇ, ಬೈಕು ತಮ್ಮನ್ನು ದಾಟುತ್ತದೆ. ನನ್ನ ಮನಸ್ಸೂ ಅದರ ಮೇಲೆಯೇ ಇದೆ, ಇದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಆದರೆ ಬೈಕಿನಲ್ಲಿ ಕೂರುವವರು ಇಬ್ಬರು, ನಾವು ಮೂವರು. ಸರೋಜಾಳನ್ನು ಬಿಡಲೋ, ಉಮೆಸಲ್ಮಾಳನ್ನು ಬಿಡಲೋ ಎಂದು ಹಾಸ್ಟೆಲಿನ ಹಾಸಿಗೆಯಲ್ಲಿ ಪ್ಲಸ್, ಮೈನಸ್ ಎರಡು ಕಾಲಂ ಬರೆದು ನೋಡಿದೆ. ಬರೆಯುತ್ತಿರುವಾಗ ಪಕ್ಕದ ಹಾಸಿಗೆಯಲ್ಲಿ ಇಬ್ಬರೂ ಒಂದೇ ತಟ್ಟೆಯಿಂದ ನನ್ನ ಪಾಲಿನ ಉಪ್ಪಿಟ್ಟನ್ನೂ ತಿನ್ನುತ್ತಿದ್ದರು. ಕಾಲಂ ಹರಿದೆ. ಇಂದು ಬೆಳಗ್ಗೆ ಮಾಮುವಿಗೆ ಫೋನು ಮಾಡಿ "ಕಾರು" ಎಂದಿದ್ದೇನೆ. "ಪಕ್ಕಾ?" ಎಂದರು. "ಪಕ್ಕಾ" ಎಂದೆ. ಫೋನಿಟ್ಟ ಮೇಲೆ ಸ್ವಲ್ಪ ಅತ್ತೆ, ಅದು ತಮ್ಮ ತಪ್ಪಲ್ಲ.

ಈಗ ತಮ್ಮಲ್ಲಿ ಕೋರುವುದೇನೆಂದರೆ, ಪ್ರತಿ ಶನಿವಾರ ಸಂಜೆ ಐದೂವರೆಯಿಂದ ಆರರವರೆಗೆ ತಾವು ಉಸಿರು ಬಿಟ್ಟು ನಾಲ್ಕು ಬೆರಳು ಕುಗ್ಗಬಹುದೇ? ಅದು ಘನತೆಗೆ ಕುಂದೆನಿಸಿದರೆ, ಅರ್ಧ ಗಂಟೆ ಎದ್ದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು ಬರಬಹುದೇ? ಕೊಂಕಲ್ ಕಡೆ ರಸ್ತೆಯಲ್ಲಿ ಬ್ರೇಕರುಗಳ ಕೊರತೆ ಇದೆಯಂತೆ. ವಾರಕ್ಕೊಮ್ಮೆ ಡೆಪ್ಯುಟೇಶನ್ ಮೇಲೆ ಹೋಗುವ ಮನಸ್ಸಿದ್ದರೆ ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ.

ತಮ್ಮನ್ನು ಒಡೆಸಬೇಕೆಂದು ಮಾತ್ರ ನಾನು ಕೇಳುವುದಿಲ್ಲ. ಈ ಓಣಿಯಲ್ಲಿ ಆಡುಗಳೂ ಇವೆ, ತೆವಳುವ ಕೂಸುಗಳೂ ಇವೆ. ಮತ್ತು ಶನಿವಾರ ಬಸ್ ನಿಲ್ದಾಣದಿಂದ ನಮ್ಮನ್ನು ತರುವ ಆಟೋ ತಮ್ಮ ಮೇಲೆ ಹತ್ತಿ ಇಳಿದ 'ಧಡಕ್' ಸಪ್ಪಳ ಕೇಳಿದ ಮೇಲೆಯೇ ಅಮ್ಮಿ ಚಹಾಕ್ಕೆ ನೀರಿಡುವುದು. ನಾನು ತಡವಾದ ಐದು ಶನಿವಾರವೂ ಅವರು ಒಲೆಯ ಮುಂದೆ ಖಾಲಿ ಪಾತ್ರೆ ಹಿಡಿದು ನಿಂತಿದ್ದರಂತೆ. ರೇಣಮ್ಮ ಕಾಕು ಹೇಳಿದರು, ಅಮ್ಮಿ ಹೇಳಲಿಲ್ಲ.

ನಿಜವಾದ ಸಂಕಟ ಬೇರೆ. ಈ ಭಾನುವಾರ ಸರೋಜಾಳ ತಂದೆ ಮಲ್ಕಪ್ಪ ಕಾಕಾ ಅವರ ಮನೆಯ ಸ್ಲ್ಯಾಬು. ರಿವಾಜಿನಂತೆ ಉಳಿದ ಕಾಂಕ್ರೀಟು ತಮ್ಮ ಬೆನ್ನಿಗೆ ಬರುತ್ತದೆ. ಆಮೇಲೆ ಉಳಿದಿರುವ ಆ ಒಂದು ಬೆರಳೂ ಇಲ್ಲ. ಮಗಳು ಕುಳಿತ ಕಾರನ್ನು ತಡೆಯಲು ತಂದೆಯೇ ಬುಟ್ಟಿ ಹೊರುವ ಈ ಸಮಾರಂಭಕ್ಕೆ ನಾನು ಫಿಸಿಕ್ಸ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ಚಿತ್ರ ಬರೆದಿದ್ದೇನೆ. ಕಾರು ಸಿಕ್ಕಿಬೀಳುವುದು ತಮ್ಮ ಎತ್ತರಕ್ಕಲ್ಲ, ತಾವು ಗೋಡೆಯ ಹಾಗೆ ಒಮ್ಮೆಲೇ ಏಳುವುದಕ್ಕೆ. ಹೊಸ ಕಾಂಕ್ರೀಟನ್ನು ತಲೆಯ ಮೇಲೆ ಹಾಕದೆ ಮುಂದೆ ನಾಲ್ಕು ಹೆಜ್ಜೆ, ಹಿಂದೆ ನಾಲ್ಕು ಹೆಜ್ಜೆ ಇಳಿಜಾರಾಗಿ ಹಾಕಿದರೆ ಸಾಕು. ಎತ್ತರ ಇದ್ದಷ್ಟೇ ಇರುತ್ತದೆ, ಗಾಡಿಗಳು ನಿಧಾನಿಸುತ್ತವೆ, ಸಪ್ಪಳ ಅಮ್ಮಿಗೆ ಕೇಳಿಸುತ್ತದೆ. ತಾವು ಇಷ್ಟು ವರ್ಷ ಮಂಡಿ ಮಡಚಿ ಕುಳಿತಿದ್ದೀರಿ. ಈ ಭಾನುವಾರ ಕಾಲು ಚಾಚಿ ಕುಳಿತುಕೊಳ್ಳಿ ಎಂದಷ್ಟೇ ನನ್ನ ವಿನಂತಿ.

ಬರೆದದ್ದರಲ್ಲಿ ತಪ್ಪಿದ್ದರೆ ಸಾರಿ. ಕಾಗುಣಿತವನ್ನು ಸರೋಜಾ ತಿದ್ದಿದ್ದಾಳೆ, ಚಿತ್ರವನ್ನು ಉಮೆಸಲ್ಮಾ ಸ್ಕೇಲಿಟ್ಟು ಮತ್ತೆ ಬರೆದಿದ್ದಾಳೆ.

ದಿನಾ ತಮ್ಮನ್ನೇ ನೆನೆಯುತ್ತಿರುವ,
ತಮ್ಮ ವಿಶ್ವಾಸಿ,
ಸಬಾ

ತಾ.ಕ.: ತಮಗೆ ಓದಲು ಬರುವುದಿಲ್ಲವೆಂದು ನನಗೆ ಗೊತ್ತು. ಆದ್ದರಿಂದ ಪತ್ರವನ್ನು ಚಿತ್ರದ ಸಮೇತ ಓಣಿಯ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೇನೆ; ತಮ್ಮ ಬೆನ್ನಿಗೆ ಬುಟ್ಟಿ ಸುರಿದವರೆಲ್ಲ ಅಲ್ಲಿದ್ದಾರೆ, ಬೆಳಗ್ಗೆ ಎದ್ದರೆ ಹೂವಿನ ಚಿತ್ರ ಕಳಿಸುವಷ್ಟು ಅವರಿಗೆ ಬಿಡುವೂ ಇದೆ. ಮೇಸ್ತ್ರಿ ಭಾನುವಾರ ಬೆಳಗ್ಗೆ ಎಂಟಕ್ಕೆ ಕೆಲಸ ಶುರುಮಾಡುತ್ತಾರೆ. ತಮ್ಮ ಪರವಾಗಿ ಯಾರಾದರೂ ಒಬ್ಬರು, ಹೂವು ಬೇಡ, ಹೌದು ಅಥವಾ ಇಲ್ಲ ಎಂದು ಶನಿವಾರದೊಳಗೆ ಉತ್ತರ ಬರೆಯಲಿ.