ಕುಂಕುಮದ ಕಿಟಕಿ

ಟಕ್... ಟಕ್... ಟಕ್... ರಾಯಚೂರಿನ ನಮ್ಮ ಜಿನ್ನಿಂಗ್ ಮಿಲ್ಲಿನಲ್ಲಿ ಉದ್ದನೆಯ ಚರ್ಮದ ಪಟ್ಟಾ ಕಬ್ಬಿಣದ ಗಾಲಿಯ ಮೇಲೆ ಓಡುವಾಗ, ಅದರ ಹೊಲಿಗೆ ಪ್ರತಿ ಸುತ್ತಿಗೂ ಗಾಲಿಗೆ ಬಡಿದು ಹೀಗೆ ಸದ್ದು ಮಾಡುತ್ತಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಅಲ್ಲಿ ಟೈಪಿಸ್ಟ್, ನನ್ನ ಸೋದರಮಾವ ಫೋರ್‌ಮನ್. ಉಳಿದವರಿಗೆಲ್ಲ ಆ ಸದ್ದೆಂದರೆ ಹತ್ತಿಯಿಂದ ಬೀಜ ಬಿಡಿಸುವ ಕೆಲಸ ನಡೆದಿದೆ ಎಂದರ್ಥ. ಮಾವನಿಗೆ ಮಾತ್ರ ಅದು ಹುಲಿ ಬಾಯಿ ಚಪ್ಪರಿಸುವ ಸದ್ದು!

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ಮದುವೆ ಮುರಿದದ್ದು ಈ ಮನುಷ್ಯನಿಂದ. ವರದಕ್ಷಿಣೆಗಲ್ಲ, ಜಾತಕಕ್ಕಲ್ಲ, ಒಂದು ಗಾಲಿಗೆ!

ಮಾನ್ವಿಯ ರೈಸ್ ಮಿಲ್ಲಿನವರ ಮಗ. ಗಂಡು ನೋಡಿ ಬಾ ಎಂದು ಅವ್ವ ಮಾವನನ್ನು ಕಳಿಸಿದ್ದಳು. ಸಂಜೆ ಬಂದವನು ಚಪ್ಪಲಿ ಬಿಡುವ ಮೊದಲೇ, "ಈ ಸಂಬಂಧ ಬ್ಯಾಡ" ಎಂದ.

"ಯಾಕೋ? ಹುಡುಗ ಹೆಂಗದಾನ?"

"ಹುಡುಗನ್ನ ಯಾರ್ ನೋಡ್ಯಾರ? ಎಂಜಿನ್ ಗಾಲಿಗೆ ಜಾಲರಿ ಇಲ್ಲ ಯಕ್ಕಾ! ಅದರ ಬಾಜೂಕ ಸಣ್ಣ ಕೂಸುಗಳು ಆಡಾಕತ್ಯಾವ. ಅಂಥಾ ಮನಿಗೆ ನಮ್ಮ ಹುಡುಗೀನ ಕೊಡ್ತಾರೇನು?"

ಹುಡುಗ ಬಹಳ ಹ್ಯಾಂಡ್‌ಸಮ್ ಇದ್ದನಂತೆ. ವೆಲ್, ಈಗ ಹೇಳಿ ಏನು ಪ್ರಯೋಜನ!

ದಿನಾ ಮುಂಜಾನೆ ಮಾವ ಮಿಲ್ಲಿನ ಗೇಟಿನಲ್ಲಿ ಕತ್ತರಿ ಹಿಡಿದು ನಿಲ್ಲುತ್ತಿದ್ದ. ಸೆರಗು ಸೊಂಟಕ್ಕೆ ಬಿಗಿಯದೆ ಯಾವ ಹೆಂಗಸೂ ಒಳಗೆ ಹೋಗುವಂತಿಲ್ಲ. ಧೋತರದ ಚುಂಗು ಜೋತಾಡಿದರೆ ಕಚಕ್! ಒಮ್ಮೆ ಸಾವ್ಕಾರರು ಬೀಗರಿಗೆ ಮಿಲ್ಲು ತೋರಿಸಲು ರೇಷ್ಮೆ ಶಲ್ಯ ಹೊದ್ದು ಬಂದರು. ಅದರ ಕುಚ್ಚೂ ನೆಲಕ್ಕೆ ಬಿತ್ತು. ಸಾವ್ಕಾರರ ಮುಖ ಕೆಂಪಾಯಿತು. ಮಾವ ಮಾತ್ರ ತಣ್ಣಗೆ ಹೇಳಿದ: "ಸಾವ್ಕಾರ ಯಾರು, ಕೂಲಿ ಯಾರು ಅಂತ ಗಾಲಿಗೆ ಗೊತ್ತಾಗಂಗಿಲ್ರೀ."

ಎಲ್ಲರೂ ಮುಂಜಾನೆ ಬಂದ ಹಾಗೇ ಸಂಜೆ ಮನೆಗೆ ಹೋಗಬೇಕು. ಅವನ ಹುಚ್ಚು ಇಷ್ಟೇ. ಅದಕ್ಕಾಗಿ ಗಾಲಿಗೆ ಜಾಲರಿ ಹಾಕಿಸಿ ಎಂದು ನನ್ನ ಕೈಯಲ್ಲಿ 'ಐ ಬೆಗ್ ಟು ಸ್ಟೇಟ್' ಎಂದು ಎಷ್ಟು ಅರ್ಜಿ ಟೈಪ್ ಮಾಡಿಸಿದನೋ! ಕೊನೆಗೆ, ಪೀಡೆ ತೊಲಗಲಿ ಎಂದು ಸಾವ್ಕಾರರು ಜಾಲರಿ ಹಾಕಿಸಿದರು. ಈಗ ತಕರಾರು ಹೆಣ್ಣಾಳುಗಳದು. ಅವರಿಗೆ ಗಾಲಿಯೇ ದೇವಿ; ಶುಕ್ರವಾರ ಅದಕ್ಕೆ ಕುಂಕುಮ ಹಚ್ಚದೆ ಅವರು ಹತ್ತಿ ಮುಟ್ಟುತ್ತಿರಲಿಲ್ಲ. ಗಿಲ್ಲೆಸುಗೂರಿನಿಂದ ಬಸ್ಸಿಗೆ ಬರುತ್ತಿದ್ದ ದೇವಮ್ಮ ಅವರ ಲೀಡರ್.

"ಯಪ್ಪಾ, ನಮ್ಮವ್ವನ್ನ ಜೇಲಿಗೆ ಹಾಕೀಯಲ್ಲೋ! ಕುಂಕುಮ ಎಲ್ಲಿ ಹಚ್ಚಬೇಕು? ನಿನ್ನ ಹಣಿಗೇನು?"

"ಹಚ್ಚು ಯವ್ವಾ, ನಾನೂ ಒಂದೀಟು ಚಂದ ಕಾಣ್ತೀನಿ!"

ಎಲ್ಲರೂ ನಕ್ಕರು. ಆದರೆ ಶುಕ್ರವಾರ ಬಂತೆಂದರೆ ಜಾಲರಿ ಬಿಚ್ಚಿ ಮೂಲೆ ಸೇರುತ್ತಿತ್ತು, ಮತ್ತೆ ಹಾಕುವವರಿಲ್ಲ. ಸೋತ ಮಾವ ಜಾಲರಿಯಲ್ಲಿ ಅಂಗೈಯಗಲದ ಕಿಟಕಿ ಕೊರೆದ. ಜಾಲರಿಯೂ ಉಳಿಯಿತು, ಪೂಜೆಯೂ ಉಳಿಯಿತು. "ವಾಟ್ ಎ ಬ್ರೈಟ್ ಐಡಿಯಾ, ಮಾವಾ!" ಎಂದು ನಾನೂ ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆ ನೆನೆದರೆ ಇಂದಿಗೂ ನನ್ನ ಕೈ ತಣ್ಣಗಾಗುತ್ತದೆ.

ಒಂದು ಶುಕ್ರವಾರ ಬಸ್ಸು ತಡವಾಯಿತು. ದೇವಮ್ಮ ಬರುವಷ್ಟರಲ್ಲಿ ಗಾಲಿ ಓಡುತ್ತಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು, ಗಾಲಿ ನಿಂತಿತು. ಒಳ್ಳೆಯದೇ ಆಯಿತೆಂದು ಆಕೆ ಕುಂಕುಮದ ಕೈಯನ್ನು ಕಿಟಕಿಯೊಳಗೆ ಇಟ್ಟಳು. ಸ್ವಿಚ್ ಯಾರೂ ಬಂದ್ ಮಾಡಿರಲಿಲ್ಲ. ಕರೆಂಟ್ ಬಂತು.

ಬಲಗೈಯ ಎರಡು ಬೆರಳು ಹೋದವು.

ಮರುದಿನ ಸಾವ್ಕಾರರು ನನ್ನನ್ನು ಕರೆದು, ಆಕೆ ತನ್ನ ತಪ್ಪಿನಿಂದಲೇ ಗಾಲಿಗೆ ಕೈ ಕೊಟ್ಟಳು, ಆದ್ದರಿಂದ ಕೆಲಸದಿಂದ ತೆಗೆದಿದೆ ಎಂದು ಟೈಪ್ ಮಾಡಲು ಹೇಳಿದರು. ಕೆಳಗೆ ಆಕೆಯ ಹೆಬ್ಬೆಟ್ಟು ಬೇಕಂತೆ. ಹೆಬ್ಬೆಟ್ಟು ಉಳಿದಿತ್ತಲ್ಲ!

ಮಾವ ಬಂದವನೇ ಮಷೀನಿನಿಂದ ಆ ಹಾಳೆ ಎಳೆದು ಹರಿದ. "ಬ್ಯಾರೆ ಹಾಳಿ ಹಾಕು. ಕಿಟಕಿ ಕೊರದಾಂವ ನಾನು. ಸ್ವಿಚ್ ಬಂದ್ ಮಾಡಸಬೇಕಾದಾಂವ ನಾನು. ಆಕೀದೇನೂ ತಪ್ಪಿಲ್ಲ. ಹಿಂಗಽ ಬರಿ. ಒಂದು ಕಾಪಿ ಫ್ಯಾಕ್ಟರಿ ಇನ್‌ಸ್ಪೆಕ್ಟರಿಗೆ."

"ಮಾವಾ, ನಿನ್ನ ನೌಕರಿ ಹೋಗ್ತದ."

"ನಿನ್ನ ಕಾನ್ವೆಂಟ್ ಇಂಗ್ಲೀಷಿನಾಗ ಚಂದ ಬರಿ. ಇಲ್ಲಂದ್ರ ನಂಬಂಗಿಲ್ಲ ಅವರು."

ಬರೆದೆ. ಇನ್‌ಸ್ಪೆಕ್ಟರರು ಬಂದು ಹೋದರು. ದೇವಮ್ಮನ ಕೆಲಸ ಉಳಿಯಿತು. ಕಿಟಕಿಗೆ ವೆಲ್ಡಿಂಗ್ ಆಯಿತು, ಸ್ವಿಚ್ಚಿಗೆ ಬೀಗ ಬಂತು. ಹೆಂಗಸರು ಬೀಗಕ್ಕೇ ಕುಂಕುಮ ಹಚ್ಚತೊಡಗಿದರು. ಇಷ್ಟು ಸರಳ ಉಪಾಯ ನಮಗೆ ಮೊದಲೇ ಯಾಕೆ ಹೊಳೆಯಲಿಲ್ಲ? ಮಾವನ ನೌಕರಿ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಅವನ ಮಾತೇ ನಿಂತುಹೋಯಿತು.

ಮಾವ ಊರು ಬಿಟ್ಟು ದೇವದುರ್ಗದ ದೊಡ್ಡಮ್ಮನ ಮನೆಗೆ ಹೊರಟ ದಿನ ನಾನು ಅವನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋಗಿದ್ದೆ. ಸುದ್ದಿ ಯಾರು ಮುಟ್ಟಿಸಿದರೋ, ದೇವಮ್ಮ ಬಂದಳು. ಮಾವ ಬಸ್ಸಿನ ಟೈರನ್ನೇ ನೋಡುತ್ತ ನಿಂತ.

"ಇಕಡಿ ನೋಡೋ ಯಪ್ಪಾ. ಮೂರ್ ತಿಂಗಳಾತು, ನನ್ನ ಕಂಡ್ರ ಓಣಿ ಬದಲಸ್ತಿ. ನಾ ಏನ್ ದೆವ್ವೇನು?"

ಮಾವ ತಿರುಗಲಿಲ್ಲ. ಆಕೆ ಅರಿವೆಯ ಗಂಟು ಬಿಚ್ಚಿ ಅವನ ಮುಂದೆ ಹಿಡಿದಳು. ಜೋಳದ ರೊಟ್ಟಿ. ಒಂದು ಕಡೆ ದಪ್ಪ, ಒಂದು ಕಡೆ ಹರಿದದ್ದು.

"ಈ ಕೈಲೇ ಬಡದೀನಿ. ಸೊಟ್ಟ ಆಗ್ಯಾದ. ಬೈಬೇಕಂದ್ರ ಬೈ, ಅಳಬ್ಯಾಡ."

ಮಾವ ರೊಟ್ಟಿ ತೆಗೆದುಕೊಳ್ಳಲಿಲ್ಲ. ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಮೊದಲ ಸಲ, ನೋಡಿದ. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಮಾವ ಗಂಟು ಇಸಿದುಕೊಂಡು ಬಸ್ಸು ಹತ್ತಿದ; ಕುಳಿತ ಮೇಲೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ.

"ಭಾಳ ದಪ್ಪ ಆತು, ಯವ್ವಾ" ಎಂದ.

ದೇವಮ್ಮ ನಕ್ಕಳು. ಬಸ್ಸು ಹೊರಟಾಗ ಅವನ ಬಾಯಿ ತುಂಬ ರೊಟ್ಟಿ ಇತ್ತು, ಕೆನ್ನೆಯೆಲ್ಲ ನೀರು. ಮಾವನನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ.