ಮೆಲ್ಕಾರಿನಲ್ಲಿ ಲೈನ್ ಹೋದದ್ದು

ಒಂದು ಗಳಿಗೆ ತಲೆಯ ಮೇಲೆ ಕೈಹೊತ್ತು ಕೂರುವ ಎಂದರೂ ಬಿಡದೆ, ಎದುರಿಗೆ ಬಂದು ನಗಿಸಿ ಹೋಗುವ ಜನ ನನ್ನ ಅಂಗಡಿಗೆ ಯಾವತ್ತೂ ಬರುತ್ತಿದ್ದರು. ನಗು ಅವರದ್ದು, ಕಷ್ಟ ನನ್ನದು.

ಮೆಲ್ಕಾರ್ ಜಂಕ್ಷನ್ನಿನಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಸರಿ ಎದುರು ನನ್ನ ಅಂಗಡಿ. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಮಾರುವುದು, ರಿಪೇರಿ ಮಾಡುವುದು ನನ್ನ ಕಸುಬು. ತೊಂಬತ್ತರ ದಶಕದಲ್ಲಿ ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಅತ್ತರು, ಹೊದಿಕೆ, ಹಾಲಿನ ಪುಡಿಯ ಡಬ್ಬಿಗಳ ನಡುವೆ ಜಪಾನಿನ ಒಂದು ಕಂಪೆನಿಯ ಬೂದು ಬಣ್ಣದ ಗೇಮ್ ಇದ್ದೇ ಇರುತ್ತಿತ್ತು. ಅದು ಕೆಟ್ಟರೆ ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಬಿಚ್ಚಲು ಗೊತ್ತಿದ್ದವ ನಾನೊಬ್ಬನೇ. ಅದರ ಸ್ಕ್ರೂವಿನ ತಲೆಗೆ ಮೂರು ಗೀಟು. ಅದಕ್ಕೆ ಹೊಂದುವ ಡ್ರೈವರ್ ಮಂಗಳೂರಿನಲ್ಲೂ ಸಿಗದೆ ನಾನು ಸೈಕಲ್ಲಿನ ಕಡ್ಡಿಯನ್ನು ಅರದಿಂದ ಉಜ್ಜಿ ಒಂದನ್ನು ಮಾಡಿಕೊಂಡಿದ್ದೆ. ಊರಿನವರು ನನ್ನ ಹೆಸರು ಮರೆತು ‘ಗೇಮಣ್ಣ’ ಎಂದು ಕರೆಯತೊಡಗಿದರು. ಮದುವೆಯ ಕಾಗದದ ಮೇಲೂ ಹಾಗೆಯೇ ಬರೆಯುತ್ತಿದ್ದರು. ನನಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇಕೆಂದೂ ಅನ್ನಿಸಿರಲಿಲ್ಲ.

ಊದುವುದು

ಗೇಮಿನ ಕ್ಯಾಸೆಟ್ಟಿಗೆ ಧೂಳು ಕೂತರೆ ಆಟ ಶುರುವಾಗುವುದಿಲ್ಲ. ಬಾಯಿಂದ ಒಮ್ಮೆ ಜೋರಾಗಿ ಊದಿದರೆ ಹೆಚ್ಚಿನ ಸಲ ಸರಿಯಾಗುತ್ತದೆ. ಒಮ್ಮೆ ಸಿದ್ಧಕಟ್ಟೆಯಿಂದ ಒಬ್ಬ ಬ್ಯಾರಿ ಹೆಂಗಸು ಫೋನ್ ಮಾಡಿ, “ಅಣ್ಣಾ, ನಮ್ಮ ಗೇಮ್ ನಿನ್ನೆಯಿಂದ ಮಾತೇ ಆಡುವುದಿಲ್ಲ” ಎಂದರು.

“ಅದಕ್ಕೆ ಇಲ್ಲಿಯವರೆಗೆ ಬರುವುದು ಬೇಡ. ಊದಿದರೆ ಸರಿಯಾಗ್ತದೆ” ಎಂದೆ.

ಅವರ ಮನೆಯಲ್ಲಿ ಊದುವುದು ಎಂದರೆ ಒಂದೇ ಅರ್ಥ. ಮಕ್ಕಳು ಹೆದರಿಕೊಂಡರೆ, ಜ್ವರ ಬಿಡದಿದ್ದರೆ ಮಸೀದಿಯ ಉಸ್ತಾದರಲ್ಲಿಗೆ ಹೋಗಿ ಓದಿಸಿ ಊದಿಸಿಕೊಂಡು ಬರುವುದು. ಅವರು ಗೇಮನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ ಉಸ್ತಾದರ ಮುಂದೆ ಇಟ್ಟು, “ಗೇಮಣ್ಣ ಹೇಳಿದ್ದಾರೆ” ಎಂದರಂತೆ. ಉಸ್ತಾದರು ಒಳ್ಳೆಯ ಮನುಷ್ಯ, ಕೇಳಿದವರಿಗೆ ಇಲ್ಲ ಎನ್ನುವವರಲ್ಲ. ಊದಿದರು. ಧೂಳು ಹಾರಿತು, ಗೇಮ್ ಹಾಡಿತು. ಆಮೇಲೆ ಆ ಕಡೆಯಿಂದ ನನಗೆ ಬರುತ್ತಿದ್ದ ರಿಪೇರಿ ಪೂರ್ತಿ ನಿಂತೇ ಹೋಯಿತು.

ಒಂದು ಸಂಜೆ ಉಸ್ತಾದರೇ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಆಚೀಚೆ ನೋಡಿ, ಕಿಸೆಯಿಂದ ಒಂದು ಗೇಮ್ ತೆಗೆದು ಮೆಲ್ಲನೆ ಹೇಳಿದರು: “ಇದು ನಮ್ಮ ಮನೆಯದ್ದು. ಎಷ್ಟು ಊದಿದರೂ ಆಗುವುದಿಲ್ಲ ಮಾರಾಯ್ರೆ. ಒಮ್ಮೆ ನೀವು ಊದಿ ನೋಡಿ.”

ಕೇಳ್ತಾ ಉಂಟು, ಹೇಳಿ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದಿತ್ತು. ನನಗೆ ಸಾಮಾನು ಕಳಿಸುತ್ತಿದ್ದ ಮಂಗಳೂರಿನ ವ್ಯಾಪಾರಿ ಒಂದು ದಿನ ಫೋನ್ ಮಾಡಿ, “ಗೇಮಣ್ಣ, ಲೈನ್ ಬಂದ್ ಆಯಿತು” ಎಂದರು.

“ಇಲ್ಲ ಇಲ್ಲ, ನನಗೆ ಸರಿಯಾಗಿ ಕೇಳ್ತಾ ಉಂಟು, ಹೇಳಿ” ಎಂದೆ.

“ಫೋನಿನ ಲೈನ್ ಅಲ್ಲ ಮಾರಾಯ್ರೆ, ಗೇಮಿನ ಲೈನ್. ಕಂಪೆನಿಯವರು ಆ ಜಾತಿಯ ಗೇಮ್ ಮಾಡುವುದನ್ನೇ ನಿಲ್ಲಿಸಿದ್ದಾರೆ. ಇನ್ನು ಸೆಟ್ಟೂ ಇಲ್ಲ, ಪರದೆಯೂ ಇಲ್ಲ.”

ಇಷ್ಟು ವರ್ಷ ಅನ್ನ ಕೊಟ್ಟದ್ದು ಎಲ್ಲೋ ಸಮುದ್ರದಾಚೆ ಯಾರೋ ಒಂದು ಗುಂಡಿ ಒತ್ತಿದ್ದಕ್ಕೆ ಮುಗಿಯಿತು ಎಂದರೆ ನಂಬುವುದು ಹೇಗೆ? ಮಾತೇ ಹೊರಡಲಿಲ್ಲ. ಆ ಕಡೆಯಿಂದ ಅವರು, “ಹಲೋ? ಹಲೋ?” ಎಂದು ಕೂಗಿ, ಪಕ್ಕದಲ್ಲಿದ್ದವರಿಗೆ ಹೇಳಿದ್ದು ಕೇಳಿಸಿತು: “ಛೆ, ಇವರ ಫೋನಿನ ಲೈನೂ ಹೋಯಿತು.”

ಬೋರ್ಡು

ಬಂದವರಿಗೆಲ್ಲ ಇದನ್ನೇ ಹೇಳಿ ಹೇಳಿ ಗಂಟಲು ಕಟ್ಟಿತು. ಕೊನೆಗೆ ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಈ ಲೈನ್ ಬಂದ್ ಆಗಿದೆ’ ಎಂದು ಬರೆದು ಅಂಗಡಿಯ ಮುಂದೆ ತೂಗುಹಾಕಿದೆ.

ನನ್ನ ದುಃಖದಲ್ಲಿ ನನಗೆ ಎದುರಿಗೆ ಬಸ್ ಸ್ಟಾಪ್ ಇರುವುದು ನೆನಪಾಗಲಿಲ್ಲ. ಮುಡಿಪು ಕಡೆಗೆ ಹೋಗುವವರು ಬಂದು ನಿಂತು, ಬೋರ್ಡು ಓದಿ, “ಈ ಬಸ್ಸಿನ ಲೈನೂ ಬಂದ್ ಆಯಿತಾ? ಎಂಥ ಅವಸ್ಥೆ!” ಎಂದು ಗೊಣಗಿ ರಿಕ್ಷಾ ಹತ್ತತೊಡಗಿದರು. ಖಾಲಿ ಬಸ್ಸಿನಲ್ಲಿ ಹೋಗಿ ಬಂದು ಸುಸ್ತಾದ ಕಂಡಕ್ಟರ್ ಒಂದು ದಿನ ಸೀಟಿ ಕಚ್ಚಿಕೊಂಡೇ ಒಳಗೆ ನುಗ್ಗಿದ.

“ನಮ್ಮ ಲೈನ್ ಬಂದ್ ಮಾಡ್ಲಿಕ್ಕೆ ನೀವು ಯಾರು? ಆರ್.ಟಿ.ಓ.ನಾ?”

“ಬಂದ್ ಆದದ್ದು ನನ್ನದು ಮಾರಾಯಾ, ನಿನ್ನದಲ್ಲ” ಎಂದು ನಾನು ಅಳುವ ದನಿಯಲ್ಲಿ ಹೇಳಿ ಬೋರ್ಡು ಇಳಿಸಿದೆ.

ಮರುದಿನ ಬೆಳಿಗ್ಗೆ ರಿಕ್ಷಾದವರೆಲ್ಲ ಒಟ್ಟಾಗಿ ಬಂದರು. ಅವರ ಕೈಯಲ್ಲಿ ತಗಡಿನ ಮೇಲೆ ಪೇಂಟರನಿಂದ ಅದೇ ಮಾತು ಬರೆಸಿದ ಹೊಸ ಬೋರ್ಡು. “ರಟ್ಟು ಮಳೆಗೆ ನಿಲ್ಲುವುದಿಲ್ಲ ಗೇಮಣ್ಣ. ಇದನ್ನು ಹಾಕುವ.”

ಭಾವ ತಂದದ್ದು

ದುಬೈಯಲ್ಲಿರುವ ನನ್ನ ಹೆಂಡತಿಯ ಅಣ್ಣನಿಗೆ ಫೋನ್ ಮಾಡಿ, “ಭಾವಾ, ಅಲ್ಲಿ ಯಾವುದಾದರೂ ಅಂಗಡಿಯ ಮೂಲೆಯಲ್ಲಿ ನಮ್ಮ ಗೇಮ್ ಉಳಿದಿದ್ದರೆ ತನ್ನಿ. ನನ್ನ ಅಂಗಡಿ ಉಳಿಯುವುದು ನಿಮ್ಮ ಕೈಯಲ್ಲಿ ಉಂಟು” ಎಂದು ಅಂಗಲಾಚಿದೆ. ಅವರು ಬರುವವರೆಗೆ ನಾನು ದಿನಾ ಶೋಕೇಸ್ ಒರೆಸಿದೆ.

ಭಾವ ಬಂದರು. ಪೆಟ್ಟಿಗೆ ಬಿಚ್ಚಿ ನಗುತ್ತಾ ಒಂದು ಮೊಬೈಲ್ ಫೋನ್ ಕೊಟ್ಟರು. “ಆ ಹಳೆಯದ್ದು ಎಲ್ಲಿಯೂ ಇಲ್ಲ ಭಾವಾ. ಇದರಲ್ಲಿಯೂ ಗೇಮ್ ಉಂಟು, ಹಾವಿನದ್ದು. ಬೇಕಾದರೆ ಮಾತಾಡ್ಲಿಕ್ಕೂ ಆಗ್ತದೆ.”

ಮನೆ ಮನೆಯ ಗೇಮನ್ನು ಅಟ್ಟಕ್ಕೆ ಹತ್ತಿಸಿದ್ದೇ ಮೊಬೈಲಿನ ಈ ಹಾವು. ಈಗ ಅದು ನನ್ನ ಕೈಗೇ ಬಂತು. ಹೆಂಡತಿ ಮಾತ್ರ, “ಒಳ್ಳೆಯದೇ ಆಯಿತು. ಇನ್ನಾದರೂ ಜನರ ಮೊಬೈಲಿಗೆ ಕರೆನ್ಸಿ ಹಾಕುವ ಅಂಗಡಿ ಮಾಡಿ” ಎಂದಳು. ನಮ್ಮ ಕಡೆ ರೀಚಾರ್ಜಿಗೆ ಕರೆನ್ಸಿ ಎನ್ನುವುದು.

“ಶೋಕೇಸಿನಲ್ಲಿ ಕೊನೆಯ ಒಂದು ಸೆಟ್ಟು ಉಂಟು. ಅದಿರುವವರೆಗೆ ನಾನು ಗೇಮಣ್ಣನೇ” ಎಂದೆ.

“ಆಗಲಿ. ಗೇಮಣ್ಣನಿಗೆ ರಾತ್ರಿಗೆ ಗಂಜಿ. ಕರೆನ್ಸಿ ಅಣ್ಣನಾದ ದಿನ ಮೀನು” ಎಂದಳು.

ಕಕ್ಕಿಂಜೆಯ ಅಜ್ಜಿ

ಹೀಗೆ ಗಂಜಿ ಉಣ್ಣುತ್ತಿದ್ದ ಮಳೆಗಾಲದಲ್ಲಿ ಒಬ್ಬರು ಅಜ್ಜಿ ಬಂದರು. ಕಕ್ಕಿಂಜೆಯವರು, ಬೀಡಿ ಕಟ್ಟಿ ಬೆರಳು ಸವೆದವರು. ಬೆಳ್ತಂಗಡಿಯಲ್ಲಿ ಒಂದು ಬಸ್ಸು, ಬಿ.ಸಿ. ರೋಡಿನಲ್ಲಿ ಇನ್ನೊಂದು ಬಸ್ಸು ಬದಲಿಸಿ, ಮಡಿಲಲ್ಲಿ ಗೇಮ್ ಕಟ್ಟಿಕೊಂಡು ಬಂದಿದ್ದರು. ಮಗಳು ಮಸ್ಕತ್ತಿನಿಂದ ತಂದು ಕೊಟ್ಟದ್ದಂತೆ. ಸಂಜೆ ಬೀಡಿ ಎಲೆ ಇಡುವ ಸೂಪು ಬದಿಗಿಟ್ಟು ಮೇಲಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಆಟ ಆಡದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲವಂತೆ. ಬಿಚ್ಚಿ ನೋಡಿದೆ. ಪರದೆ ಸತ್ತಿತ್ತು.

“ಅಜ್ಜಿ, ಇದರ ಲೈನೇ ಹೋಯಿತು” ಎಂದೆ.

“ಅಷ್ಟೆಯಾ? ಲೈನ್ ಹೋದರೆ ಬರ್ತದೆ ಮಗಾ” ಎಂದು ಅಜ್ಜಿ ಸ್ಟೂಲ್ ಎಳೆದು ಕೂತರು. “ನಮ್ಮಲ್ಲಿ ಘಾಟಿಯ ಗಾಳಿಗೆ ದಿನಾ ಹೋಗ್ತದೆ. ಕಾಯುವ.”

“ಕರೆಂಟಿನ ಲೈನ್ ಅಲ್ಲ ಅಜ್ಜಿ. ಜಪಾನಿನಲ್ಲಿ ಹೋದದ್ದು.”

“ಅಬ್ಬ, ಅಷ್ಟು ದೂರದ್ದಾ? ಹಾಗಾದರೆ ಸ್ವಲ್ಪ ತಡ ಆದೀತು” ಎಂದು ಅಜ್ಜಿ ಎಲೆ ಅಡಿಕೆಯ ಚೀಲ ಬಿಚ್ಚಿದರು.

ಮಧ್ಯಾಹ್ನವಾಯಿತು, ಅಜ್ಜಿ ಏಳಲಿಲ್ಲ. ನಾನು ಎಲ್ಲ ಬಿಡಿಸಿ ಹೇಳಿದೆ. ಇನ್ನು ಯಾವತ್ತೂ ಬರುವುದಿಲ್ಲ, ನನ್ನ ಬಾಳೂ ಇದರ ಜೊತೆ ಮುಗಿಯಿತು ಎಂದು ಹೇಳುವಾಗ ನನ್ನ ಕಣ್ಣಲ್ಲಿ ನೀರೇ ಬಂತು. ಅಜ್ಜಿ ನನ್ನ ಬೆನ್ನು ಸವರಿ ಹೇಳಿದರು: “ಅಳಬೇಡ ಮಗಾ. ಲೈನ್‌ಮ್ಯಾನಿಗೂ ಊಟ ಆಗಬೇಕಲ್ಲ.”

ಕಕ್ಕಿಂಜೆಯ ಕಡೆಯ ಕೊನೆಯ ಬಸ್ಸಿನ ಹೊತ್ತು ಹತ್ತಿರವಾಯಿತು. ನನಗೆ ಬೇರೆ ದಾರಿ ಇರಲಿಲ್ಲ. ಶೋಕೇಸಿನ ಆ ಕೊನೆಯ ಸೆಟ್ಟನ್ನು ಸೈಕಲ್ ಕಡ್ಡಿಯಿಂದ ಬಿಚ್ಚಿ, ಅದರ ಪರದೆಯನ್ನು ಅಜ್ಜಿಯ ಗೇಮಿಗೆ ಕೂರಿಸಿದೆ. ಸ್ವಿಚ್ ಹಾಕಿದಾಗ ಇಟ್ಟಿಗೆಗಳು ಬೀಳತೊಡಗಿದವು.

“ಲೈನ್ ಬತ್ತ್ಂಡ್!” ಎಂದು ಅಜ್ಜಿ ತುಳುವಿನಲ್ಲಿ ಕೂಗಿದ ಕೂಗಿಗೆ ಬಸ್ ಸ್ಟಾಪಿನವರೆಲ್ಲ ತಿರುಗಿ ನೋಡಿದರು. “ಬರ್ತದೆ ಅಂತ ನಾನು ಹೇಳಲಿಲ್ಲವಾ? ನಿನಗೆ ತಾಳ್ಮೆ ಸಾಲದು ಮಗಾ.”

ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಅವರು ಇದನ್ನೇ ಹೇಳಿರಬೇಕು. ಮರುದಿನ ನಾನು ಖಾಲಿ ಶೋಕೇಸಿನ ಮುಂದೆ, ‘ಇಲ್ಲಿ ಕರೆನ್ಸಿ ಹಾಕಲಾಗುವುದು’ ಎಂಬ ಬೋರ್ಡಿಗೆ ಮೊಳೆ ಹೊಡೆಯುತ್ತಿದ್ದೆ. ಬೆಳ್ತಂಗಡಿ ಕಡೆಯ ಒಬ್ಬರು ಅಟ್ಟದ ಧೂಳು ಹಿಡಿದ ಗೇಮ್ ಹಿಡಿದುಕೊಂಡು ಬಂದು, “ಗೇಮಣ್ಣ, ಲೈನ್ ಬಂದಿದೆಯಂತೆ, ಹೌದಾ?” ಎಂದು ಕೇಳಿದರು.

“ನಿನ್ನೆ ಬಂದಿತ್ತು. ಪುನಃ ಹೋಯಿತು” ಎಂದೆ.

ಅವರು ಅಜ್ಜಿ ಕೂತಿದ್ದ ಅದೇ ಸ್ಟೂಲನ್ನು ಎಳೆದುಕೊಂಡರು. “ಅಡ್ಡಿಲ್ಲ. ಕಾಯುವ.”